ಮರದ ಲೇಖನಸಾಮಗ್ರಿ ಪೆಟ್ಟಿಗೆ: ಕಾಲನಿರ್ಣಯ ಮತ್ತು ಜೀರ್ಣೋದ್ಧಾರ

೧

ಚರಿತ್ರೆಯ ಆಧಾರಗಳೆಂದೊಡನೆ ಶಾಸನ, ನಾಣ್ಯ, ಓಲೆಗರಿ, ಕಡತ ಮೊದಲಾದುವು ನಮ್ಮ ನೆನಪಿಗೆ ಬರುತ್ತವೆ. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಇವುಗಳ ಜೊತೆಗೆ ಪತ್ರಗಳೂ ದಿನಚರಿಗಳೂ ಸೇರಿಕೊಳ್ಳುತ್ತವೆ. ಆದರೆ ಆ ಪತ್ರಗಳನ್ನು ಬರೆದದ್ದು ಯಾವುದರ ಮೇಲೆ, ಬರೆಯುವ ಕಾಗದವನ್ನೂ ಮಸಿಯನ್ನೂ ಇರಿಸಿಕೊಂಡಿದ್ದುದು ಯಾವುದರೊಳಗೆ ಎಂಬುದನ್ನು ನಾವು ವಿಚಾರಿಸುವುದು ಅಪೂರ್ವ. ಪತ್ರವನ್ನು ದಾಖಲೆಗಳ ಭಂಡಾರಕ್ಕೆ ಒಪ್ಪಿಸಿ, ಅದಿದ್ದ ಪೆಟ್ಟಿಗೆಯನ್ನು ಹಳೆಯ ಸಾಮಾನಿನ ಅಂಗಡಿಗೆ ಮಾರುವವರು ಉಂಟು. ಅದನ್ನು ಮಾರದೆ ಉಳಿಸಿಕೊಂಡವರು ಮರಳುಕಾಗದದಿಂದ ಉಜ್ಜಿ, ಹೊಸ ಹೊಳಪು ಕೊಟ್ಟು, ಹಜಾರದಲ್ಲಿ ಇಡುವುದೂ ಉಂಟು. ಎರಡನೆಯವರು ಮೊದಲನೆಯವರಿಗಿಂತ ಹೆಚ್ಚು ಉಪಕಾರ ಮಾಡಿದರೆಂದು ಹೇಳುವಂತಿಲ್ಲ. ಮಾರಿದ ಪೆಟ್ಟಿಗೆ ಎಲ್ಲಿಯಾದರೂ ಅವಿಕೃತವಾಗಿ ಉಳಿದೀತು. ಉಜ್ಜಿದ ಪೆಟ್ಟಿಗೆಯಾದರೋ ಅಕ್ಷರ ಕೆತ್ತಿಹಾಕಿದ ಶಾಸನದಂತೆ ಮೂಕವಾಗುತ್ತದೆ.

ಇಂಥ ಪೆಟ್ಟಿಗೆಯೊಂದು ಕೈಗೆ ಬಂದಾಗ ಅದರ ಕಾಲವನ್ನು ಯಾವ ಕ್ರಮದಲ್ಲಿ ನಿರ್ಣಯಿಸಬೇಕು, ಅದನ್ನು ದುರಸ್ತಿಗೊಳಿಸುವಾಗ ಎಲ್ಲಿಗೆ ನಿಲ್ಲಿಸಬೇಕು ಎಂಬ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮುಖ್ಯವಾಗಿ ಇಂಗ್ಲೆಂಡಿನ ಪೆಟ್ಟಿಗೆಗಳನ್ನೂ, ಅವುಗಳ ಮಾದರಿಯನ್ನನುಸರಿಸಿ ಭಾರತದಲ್ಲಿ ತಯಾರಾದುವನ್ನೂ ಇಲ್ಲಿ ಗಮನಿಸಲಾಗಿದೆ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಉತ್ತರಿಸಲಾಗುವುದಿಲ್ಲವೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾದೀತು.

೨

ಮೊದಲಿಗೆ ಎರಡು ಬಗೆಯ ಪೆಟ್ಟಿಗೆಗಳನ್ನು ಪ್ರತ್ಯೇಕಿಸಿಕೊಳ್ಳಬೇಕು. ಒಂದು, ತೆರೆದಾಗ ಇಳಿಜಾರಾದ ಬರೆಯುವ ಹಲಗೆಯಾಗಿ ಬಿಚ್ಚಿಕೊಳ್ಳುವ ಪ್ರಯಾಣದ ಲೇಖನಪೆಟ್ಟಿಗೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇದು ವಿದ್ಯಾವಂತರ ನಿತ್ಯಸಂಗಾತಿಯಾಗಿದ್ದಿತು. ಕಾದಂಬರಿಕಾರ್ತಿ ಜೇನ್ ಆಸ್ಟೆನ್ನಳ ಇಂಥ ಪೆಟ್ಟಿಗೆ ೧೭೯೮ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ಎಂಬ ಊರಿನ ತಂಗುಮನೆಯಲ್ಲಿ ಕಣ್ತಪ್ಪಿನಿಂದ ಬೇರೆಯವರ ಗಾಡಿಯನ್ನೇರಿ, ವೆಸ್ಟ್ ಇಂಡೀಸಿನ ಹಡಗಿನತ್ತ ಹೊರಟುಬಿಟ್ಟಿದ್ದಿತು. ಬೆನ್ನಟ್ಟಿ ಹೋದ ಆಳು ಅದನ್ನು ಹಿಂದಕ್ಕೆ ತಂದನು. ೧೯೯೯ರಲ್ಲಿ ಆಕೆಯ ವಂಶಸ್ಥರು ಬ್ರಿಟಿಷ್ ಲೈಬ್ರರಿಗೆ ಕಾಣಿಕೆಯಾಗಿ ಕೊಟ್ಟ ಪೆಟ್ಟಿಗೆ ಅಂಥದೇ.

ಎರಡನೆಯದು ಮೇಜಿನ ಮೇಲೆ ನೆಟ್ಟಗೆ ನಿಲ್ಲುವ ಪೆಟ್ಟಿಗೆ. ಇದರ ಮುಚ್ಚಳ ಮುಂದಕ್ಕೆ ಇಳಿಜಾರಾಗಿರುತ್ತದೆ. ಒಳಗೆ ಒಂದರ ಹಿಂದೊಂದು ಮೆಟ್ಟಿಲಿನಂತೆ ಏರಿದ ಅಡ್ಡಹಲಗೆಗಳಿರುತ್ತವೆ. ಆ ಖಾನೆಗಳಲ್ಲಿ ಕಾಗದವನ್ನೂ ಲಕೋಟೆಗಳನ್ನೂ ಅಳತೆಯ ಪ್ರಕಾರ ನಿಲ್ಲಿಸಿಡುತ್ತಿದ್ದರು. ನಾವು ಲೇಖನಸಾಮಗ್ರಿ ಪೆಟ್ಟಿಗೆಯೆಂದು ಕರೆಯುತ್ತಿರುವುದು ಇದನ್ನು. ಇದರ ಕಾಲವನ್ನು ತಿಳಿಯಲು ಮೊದಲ ಸಾಧನ ಮರವಲ್ಲ, ಬೀಗವಲ್ಲ, ಈ ಖಾನೆಗಳೇ.

ಕಾರಣವನ್ನು ಅಂಚೆಯ ಚರಿತ್ರೆಯಲ್ಲಿ ಹುಡುಕಬೇಕು. ೧೮೪೦ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಅಂಚೆಯ ಶುಲ್ಕವನ್ನು ದೂರ ಮತ್ತು ಹಾಳೆಗಳ ಸಂಖ್ಯೆಯ ಮೇಲೆ ಲೆಕ್ಕಹಾಕುತ್ತಿದ್ದರು. ಲಕೋಟೆಯೂ ಒಂದು ಹಾಳೆಯೆಂದೇ ಪರಿಗಣಿತವಾಗುತ್ತಿದ್ದುದರಿಂದ ಅದನ್ನು ಬಳಸಿದವನು ಎರಡು ಪಟ್ಟು ತೆರಬೇಕಾಗಿದ್ದಿತು. ಆದುದರಿಂದ ಜನ ಒಂದೇ ಹಾಳೆಯಲ್ಲಿ ಬರೆದು, ಅದನ್ನೇ ಮಡಿಸಿ, ಅರಗಿನ ಮುದ್ರೆಯೊತ್ತಿ, ಹೊರಮೈಯಲ್ಲಿ ವಿಳಾಸ ಬರೆಯುತ್ತಿದ್ದರು. ರೋಲೆಂಡ್ ಹಿಲ್ ೧೮೩೭ರಲ್ಲಿ ಪ್ರಕಟಿಸಿದ ಪುಸ್ತಿಕೆಯ ವಾದ ಫಲಿಸಿ, ೧೮೪೦ರ ಜನವರಿ ೧೦ರಿಂದ ಅರ್ಧ ಔನ್ಸು ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ ಹೋಗುವಂತಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಂಚೆಚೀಟಿಯೂ ಬಂದಿತು. ಶುಲ್ಕ ತೂಕವನ್ನು ಅವಲಂಬಿಸಿದೊಡನೆ ಲಕೋಟೆಗಿದ್ದ ದಂಡ ತಪ್ಪಿತು. ಎಡ್ವಿನ್ ಹಿಲ್ ಮತ್ತು ವಾರೆನ್ ಡಿ ಲಾ ರೂ ಇವರು ೧೮೪೫ರಲ್ಲಿ ಹಕ್ಕುಪತ್ರ ಪಡೆದ ಲಕೋಟೆ ಮಡಿಸುವ ಯಂತ್ರವನ್ನು ೧೮೫೧ರ ಮಹಾಪ್ರದರ್ಶನದಲ್ಲಿ ಜನ ಮುತ್ತಿ ನೋಡಿದರು. ಭಾರತದಲ್ಲಿ ೧೮೫೪ರ ಅಂಚೆ ಕಾಯಿದೆ ಇಂಥದೇ ಏಕರೂಪದ ದರವನ್ನು ತಂದಿತು. ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ.

ಲಕೋಟೆಗಳ ಕಟ್ಟುಗಳನ್ನು ನಿಲ್ಲಿಸಿಡಲೆಂದೇ ಅಳತೆಮಾಡಿ ರಚಿಸಿದ ಖಾನೆಗಳು ಲಕೋಟೆ ಮನೆಮನೆಯ ವಸ್ತುವಾದ ಮೇಲೆ ಹುಟ್ಟಿದುವೆಂಬುದು ಸಹಜವಾದ ಊಹೆ. ಹೀಗೆ ಪೆಟ್ಟಿಗೆಯ ಆಕಾರವೇ ಅದರ ಕಾಲದ ಪೂರ್ವಮಿತಿಯನ್ನು ಸೂಚಿಸುತ್ತದೆ. ಆದರೆ ಖಾನೆಗಳು ಮೂಲದವೇ, ಬೇರೆ ಕೆಲಸದ ಹಳೆಯ ಪೆಟ್ಟಿಗೆಯಲ್ಲಿ ಆಮೇಲೆ ಕೂರಿಸಿದುವೇ ಎಂಬುದನ್ನು ಪರೀಕ್ಷಿಸದೆ ಈ ಊಹೆಯನ್ನು ನಿರ್ಣಯವೆಂದು ಸ್ವೀಕರಿಸಲಾಗದು.

೩

ಆಕಾರದ ಅನಂತರ ಅಂಗಾಂಗಗಳ ಸಾಕ್ಷ್ಯ. ಇವುಗಳಲ್ಲಿ ಅತ್ಯಂತ ಸಣ್ಣದೂ ಅತ್ಯಂತ ಉಪಯುಕ್ತವೂ ಆದುದು ತಿರುಪುಮೊಳೆ. ಹಳೆಯ ಕಾಲದ ಮೊಳೆಗಳ ತುದಿ ಮೊಂಡಾಗಿರುತ್ತಿದ್ದಿತು. ಅರದಿಂದ ಕೈಯಲ್ಲಿ ಕೊರೆದ ತಲೆಯ ಸೀಳು ನಡುವಿನಿಂದ ತುಸು ಓರೆಯಾಗಿರುವುದೂ ಉಂಟು. ತಾನೇ ಮರವನ್ನು ಕೊರೆದುಕೊಂಡು ಹೋಗುವ ಚೂಪುತುದಿಯ ಮೊಳೆಗೆ ಅಮೆರಿಕದಲ್ಲಿ ಥಾಮಸ್ ಸ್ಲೋನ್ ೧೮೪೬ರಲ್ಲಿ ಹಕ್ಕುಪತ್ರ ಪಡೆದನು. ಅದರ ಬ್ರಿಟಿಷ್ ಹಕ್ಕನ್ನು ನೆಟ್ಲ್‌ಫೋಲ್ಡನು ೧೮೫೪ರಲ್ಲಿ ಕೊಂಡು, ಬರ್ಮಿಂಗ್‌ಹ್ಯಾಮ್ ಬಳಿಯ ಸ್ಮೆಥಿಕ್‌ನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು. ಇಂಗ್ಲಿಷ್ ಪೆಟ್ಟಿಗೆಯೊಂದರಲ್ಲಿ ಮೂಲದ ಮೊಳೆಗಳು ಚೂಪುತುದಿಯವಾಗಿದ್ದರೆ ಅದು ಬಹುಶಃ ಈ ವರ್ಷದ ಅನಂತರದ್ದು.

ಬೀಗಗಳದು ಮತ್ತೊಂದು ಪ್ರಕರಣ. ಜೋಸೆಫ್ ಬ್ರಾಮಾನ ಬೀಗಕ್ಕೆ ೧೭೮೪ರಲ್ಲಿಯೂ ಚಬ್ ಬೀಗಕ್ಕೆ ೧೮೧೮ರಲ್ಲಿಯೂ ಹಕ್ಕುಪತ್ರಗಳು ದೊರೆತುವು. ಕಿರೀಟದೊಡನೆ ವಿಕ್ಟೋರಿಯಾ ರಾಣಿಯ ಹೆಸರಿನ ಮೊದಲಕ್ಷರಗಳನ್ನು ಒತ್ತಿದ ಬೀಗ ಆಕೆ ಪಟ್ಟಕ್ಕೆ ಬಂದ ೧೮೩೭ಕ್ಕಿಂತ ಹಿಂದಿನದಾಗಿರಲಾರದು. ಹಿತ್ತಾಳೆಯ ಅಲಂಕಾರಗಳ ಮೇಲೆ ಕೆಲವೊಮ್ಮೆ ವಜ್ರಾಕೃತಿಯ ಚಿಕ್ಕ ಗುರುತು ಕಾಣುತ್ತದೆ. ಅದು ಬ್ರಿಟಿಷ್ ಸರಕಾರದಲ್ಲಿ ವಿನ್ಯಾಸವನ್ನು ನೋಂದಾಯಿಸಿದುದರ ಚಿಹ್ನೆ. ೧೮೪೨ರಿಂದ ೧೮೮೩ರವರೆಗೆ ಬಳಕೆಯಲ್ಲಿದ್ದಿತು. ಅದರ ನೆತ್ತಿಯ ಮೇಲಿನ ರೋಮನ್ ಅಂಕಿ ವಸ್ತುವಿನ ವರ್ಗವನ್ನು ಹೇಳುತ್ತದೆ: ಒಂದು ಲೋಹಕ್ಕೆ, ಎರಡು ಮರಕ್ಕೆ. ವರ್ಷವನ್ನು ಸೂಚಿಸುವ ಅಕ್ಷರ ೧೮೬೭ರವರೆಗೆ ವಜ್ರದ ಮೇಲ್ಮೂಲೆಯಲ್ಲಿಯೂ, ೧೮೬೮ರಿಂದ ಮುಂದೆ ಬಲಮೂಲೆಯಲ್ಲಿಯೂ ಇರುತ್ತದೆ. ೧೮೮೪ರಿಂದ ಈ ಗುರುತಿನ ಬದಲು ಬರಿಯ ಕ್ರಮಸಂಖ್ಯೆ ಬಂದಿತು.

ಮರದ ಮೈಯೂ ಮಾತನಾಡುತ್ತದೆ. ಅಗ್ಗದ ಪೈನ್ ಮರದ ಮೈಗೆ ವಾಲ್‌ನಟ್, ಮಹಾಗನಿ, ಬೀಟೆ ಇತ್ಯಾದಿ ಬೆಲೆಬಾಳುವ ಮರದ ತೆಳುಪದರವನ್ನು ಅಂಟಿಸುವುದು ವಾಡಿಕೆ. ಕೈಗರಗಸದಿಂದ ಸೀಳಿದ ಪದರ ದಪ್ಪವಾಗಿಯೂ ಅಸಮವಾಗಿಯೂ ಇರುತ್ತದೆ. ಯಂತ್ರದ ಅಲಗಿನಿಂದ ಹೆರೆದ ಪದರ ಕಾಗದದಂತೆ ತೆಳುವಾಗಿಯೂ ಸಮವಾಗಿಯೂ ಇರುತ್ತದೆ. ಕಾಣದ ತಳಹಲಗೆಯ ಮೇಲೆ ಬಿಲ್ಲಿನಾಕಾರದ ಗೆರೆಗಳಿದ್ದರೆ ಅವು ಚಕ್ರಗರಗಸದ ಗುರುತು. ನೇರವಾಗಿಯೂ ಹೆಚ್ಚುಕಡಮೆಯಾಗಿಯೂ ಇದ್ದರೆ ಕೈಗರಗಸದವು. ಒಳಗಿನ ಮಖಮಲ್ಲಿಗೆ ಕೃತಕ ನೇರಿಳೆಬಣ್ಣವನ್ನು ಹಾಕಿದ್ದರೆ, ವಿಲಿಯಂ ಪರ್ಕಿನ್ ಅಂಥ ಮೊದಲ ಬಣ್ಣವನ್ನು ಕಂಡುಹಿಡಿದ ೧೮೫೬ಕ್ಕಿಂತ ಹಿಂದೆ ಆ ಬಟ್ಟೆ ಹೋಗಲಾರದು.

ವಿಜ್ಞಾನದ ಹೊಸ ಸಾಧನಗಳೇ ಈ ಪ್ರಶ್ನೆಯನ್ನು ಬಗೆಹರಿಸಲಾರವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಲ್ಲರ್ಡ್ ಲಿಬ್ಬಿ ೧೯೪೯ರಲ್ಲಿ ಪ್ರಕಟಪಡಿಸಿದ ಇಂಗಾಲ-೧೪ರ ವಿಧಾನ ಸುಮಾರು ೧೬೫೦ರಿಂದ ೧೯೫೦ರವರೆಗಿನ ವಸ್ತುಗಳಿಗೆ ಒಂದೇ ಉತ್ತರವನ್ನು ಕೊಡದೆ, ಶತಮಾನಗಳಷ್ಟು ಅಂತರವುಳ್ಳ ಹಲವು ಉತ್ತರಗಳನ್ನು ಕೊಡುತ್ತದೆ. ವೃಕ್ಷದ ವಲಯಗಳನ್ನು ಎಣಿಸುವ ವಿಧಾನಕ್ಕೆ ಅನೇಕ ವಲಯಗಳಿರುವ ಅಗಲವಾದ ಹಲಗೆ ಬೇಕು. ಅದಲ್ಲದೆ ಇವೆರಡೂ ಹೇಳುವುದು ಮರ ಬೆಳೆದ ಕಾಲವನ್ನು, ಪೆಟ್ಟಿಗೆಯಾದ ಕಾಲವನ್ನಲ್ಲ. ಆದುದರಿಂದ ಇಲ್ಲಿ ಕಣ್ಣು, ಭೂತಗನ್ನಡಿ, ತಾಳ್ಮೆ ಇವೇ ಮುಖ್ಯ ಸಾಧನಗಳು.

೪

ಸಾಕ್ಷ್ಯಗಳನ್ನು ಕೂಡಿಹಾಕಿದ ಮಾತ್ರಕ್ಕೆ ಕಾಲನಿರ್ಣಯವಾಗುವುದಿಲ್ಲ. ಅವುಗಳನ್ನು ತೂಗುವ ನ್ಯಾಯವೊಂದು ಬೇಕು. ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಈ ನ್ಯಾಯ ಹೊಸದಲ್ಲ. ಕೈಬರಹದ ಪ್ರತಿಯೊಂದರಲ್ಲಿ ಱಕಾರ ೞಕಾರಗಳಿವೆಯೆಂಬ ಒಂದೇ ಕಾರಣದಿಂದ ಅದನ್ನು ಪ್ರಾಚೀನವೆನ್ನಲಾಗದು. ತೀರ ಈಚಿನ ಲಿಪಿಕಾರನೂ ಹಳೆಯ ಮಾತೃಕೆಯನ್ನು ನೋಡಿ ಅವನ್ನು ಬರೆದಿರಬಹುದು. ಆದರೆ ಗ್ರಂಥದ ಮೂಲಭಾಗದಲ್ಲಿಯೇ ಈಚಿನ ರೂಪವೊಂದು ಛಂದಸ್ಸಿಗೆ ಅನಿವಾರ್ಯವಾಗಿ ನಿಂತಿದ್ದರೆ ಆ ಗ್ರಂಥ ಆ ರೂಪಕ್ಕಿಂತ ಹಿಂದಿನದಲ್ಲ. ಪೆಟ್ಟಿಗೆಯ ವಿಷಯವೂ ಹೀಗೆಯೇ. ಮೊಂಡುಮೊಳೆ ೧೮೫೪ರ ಆಚೆಗೂ ಬಡಗಿಯ ಡಬ್ಬದಲ್ಲಿ ಉಳಿದಿದ್ದೀತು; ಅದು ಹಳಮೆಯನ್ನು ಸಾಧಿಸಲಾರದು. ಚೂಪುಮೊಳೆ ಮಾತ್ರ, ಮೂಲದ್ದೇ ಆಗಿದ್ದರೆ, ಹೊಸತನವನ್ನು ಸಾಧಿಸುತ್ತದೆ. 'ಮೂಲದ್ದೇ ಆಗಿದ್ದರೆ' ಎಂಬ ಈ ಷರತ್ತಿನಲ್ಲಿಯೇ ಎಲ್ಲ ಕಷ್ಟವೂ ಅಡಗಿದೆ. ಆಮೇಲಿನವರು ಹಾಕಿದ ಮೊಳೆ ಪ್ರಕ್ಷಿಪ್ತ ಪದ್ಯವಿದ್ದಂತೆ. ಅದರಿಂದ ಗ್ರಂಥದ ಕಾಲವನ್ನಲ್ಲ, ಪ್ರಕ್ಷೇಪದ ಕಾಲವನ್ನು ಮಾತ್ರ ತಿಳಿಯಬಹುದು.

ಈ ನ್ಯಾಯವನ್ನು ಒಂದು ಕಲ್ಪಿತ ನಿದರ್ಶನದಿಂದ ವಿಶದಪಡಿಸಬಹುದು. ಪೈನಿನ ಮೇಲೆ ವಾಲ್‌ನಟ್ ಪದರವಿರುವ, ಲಕೋಟೆಯ ಖಾನೆಗಳುಳ್ಳ ಪೆಟ್ಟಿಗೆಯೊಂದು ನಮ್ಮ ಮುಂದಿದೆಯೆಂದಿಟ್ಟುಕೊಳ್ಳೋಣ. ಖಾನೆಗಳು ೧೮೪೦ರ ಈಚಿನ ಕಾಲವನ್ನು ಸೂಚಿಸುತ್ತವೆ. ಮುಚ್ಚಳದ ಕೀಲುಗಳ ಮೊಳೆಗಳು ಚೂಪುತುದಿಯವು. ಕೀಲಿನ ಕೆಳಗೆ ಬೇರೆ ತೂತುಗಳನ್ನು ಮುಚ್ಚಿದ ಗುರುತಿಲ್ಲ. ಕೀಲಿನ ಅಂಚಿಗೂ ಅದು ಕುಳಿತ ತಗ್ಗಿಗೂ ಎಡೆಯಿಲ್ಲ. ಎಂದಮೇಲೆ ಕೀಲುಗಳೂ ಮೊಳೆಗಳೂ ಮೂಲದವೇ. ಪೂರ್ವಮಿತಿ ೧೮೫೪ಕ್ಕೆ ಸರಿಯುತ್ತದೆ. ಹಿತ್ತಾಳೆಯ ಪಟ್ಟಿಯ ಮೇಲೆ ವಜ್ರಾಕೃತಿಯ ಗುರುತಿದೆ. ವರ್ಷದ ಅಕ್ಷರ ಬಲಮೂಲೆಯಲ್ಲಿದೆ. ಅಲ್ಲಿಗೆ ಪೂರ್ವಮಿತಿ ೧೮೬೮. ಆದರೆ ಆ ಗುರುತು ಹೇಳುವುದು ವಿನ್ಯಾಸ ನೋಂದಾಯಿತವಾದ ಕಾಲವನ್ನು. ಅದೇ ವಿನ್ಯಾಸದ ಪಟ್ಟಿಗಳನ್ನು ಮುಂದೆ ಕೆಲವು ವರ್ಷ ತಯಾರಿಸಿರಬಹುದು. ಆದುದರಿಂದ ಉತ್ತರಮಿತಿಯನ್ನು ಬೇರೆ ಕಡೆ ಅರಸಬೇಕು. ಮುಚ್ಚಳದ ನಡುವೆ, ಕಾಣಿಕೆಯ ಮಾತಿನೊಡನೆ ೧೮೭೯ ಎಂದು ಕೆತ್ತಿದ ತಗಡೊಂದಿದೆ. ತಗಡು ಕುಳಿತ ತಗ್ಗು ಅದರ ಅಳತೆಗೆ ಸರಿಯಾಗಿದ್ದು, ಹಿಂದೆ ಬೇರೊಂದು ತಗಡು ಇದ್ದ ಕುರುಹು ಕಾಣದಿದ್ದರೆ, ತಗಡು ಈ ಪೆಟ್ಟಿಗೆಗೇ ಸೇರಿದ್ದೆಂದು ನಂಬಬಹುದು. ಆಗ ಪೆಟ್ಟಿಗೆಯ ಕಾಲ ೧೮೬೮ ಮತ್ತು ೧೮೭೯ರ ನಡುವೆ ನಿಲ್ಲುತ್ತದೆ.

ಇದೇ ಪೆಟ್ಟಿಗೆ ಪರೀಕ್ಷೆಗೆ ಮುಂಚೆಯೇ ಉತ್ಸಾಹಿಯಾದ ದುರಸ್ತಿಗಾರನ ಕೈಗೆ ಸಿಕ್ಕಿದ್ದರೆ ಏನಾಗುತ್ತಿದ್ದಿತು? ತುಕ್ಕುಹಿಡಿದ ಮೊಳೆಗಳನ್ನು ಎಸೆದು ಹೊಸವನ್ನು ಹಾಕುತ್ತಿದ್ದನು: ಒಂದು ಸಾಕ್ಷ್ಯ ಹೋಯಿತು. ಹಿತ್ತಾಳೆಯನ್ನು ಕನ್ನಡಿಯಂತೆ ಹೊಳೆಯುವವರೆಗೆ ತಿಕ್ಕಿ ವಜ್ರಾಕೃತಿಯ ಅಕ್ಷರಗಳನ್ನು ಸವೆಸುತ್ತಿದ್ದನು: ಎರಡನೆಯದು ಹೋಯಿತು. ಪರರ ಹೆಸರು ತನಗೇಕೆಂದು ತಗಡನ್ನು ಕಿತ್ತು, ತಗ್ಗನ್ನು ಮುಚ್ಚುತ್ತಿದ್ದನು: ಮೂರನೆಯದೂ ಹೋಯಿತು. ಉಳಿಯುತ್ತಿದ್ದುದು ಹನ್ನೊಂದು ವರ್ಷಗಳ ಅವಧಿಯಲ್ಲ. 'ಹತ್ತೊಂಬತ್ತನೆಯ ಶತಮಾನದ್ದಿರಬೇಕು' ಎಂಬ ಒಂದು ಅನುಮಾನ.

೫

ಭಾರತದಲ್ಲಿ ತಯಾರಾದ ಪೆಟ್ಟಿಗೆಗಳಿಗೆ ಬಂದರೆ ಈ ವಿಚಾರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ವಿಶಾಖಪಟ್ಟಣದ ಕುಶಲಕರ್ಮಿಗಳು ಹದಿನೆಂಟನೆಯ ಶತಮಾನದಿಂದಲೂ ಐರೋಪ್ಯ ಆಕಾರದ ಪೆಟ್ಟಿಗೆಗಳಿಗೆ ಆನೆದಂತದ ಕೆಲಸವನ್ನು ಮಾಡುತ್ತಿದ್ದರು. ದಂತದಲ್ಲಿ ಗೀರಿದ ಚಿತ್ರಗಳಿಗೆ ಕಪ್ಪು ಅರಗನ್ನು ತುಂಬುವುದು ಅವರ ವೈಶಿಷ್ಟ್ಯ. ಬೊಂಬಾಯಿಯ ಪೆಟ್ಟಿಗೆಗಳಲ್ಲಿ ದಂತ, ಕರಿಮರ, ತವರದ ತಂತಿ ಇವುಗಳನ್ನು ಕಟ್ಟುಕಟ್ಟಿ ಅಡ್ಡಲಾಗಿ ಕೊಯ್ದು ಅಂಟಿಸಿದ ಸದೇಲಿ ಎಂಬ ಕುಸುರಿ ಕಾಣುತ್ತದೆ. ನಮ್ಮ ಸೊರಬ ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದ ಕರಂಡಕಗಳೂ ಬರೆಯುವ ಪೆಟ್ಟಿಗೆಗಳೂ ಲೋಕಪ್ರಸಿದ್ಧವಾದುವು. ದೇವಾಲಯದ ಬಳ್ಳಿ, ಹಂಸ, ಸಿಂಹಮುಖಗಳು ವಿಲಾಯಿತಿಯ ಲಕೋಟೆಗೆಂದು ಅಳೆದ ಪೆಟ್ಟಿಗೆಯ ಮೇಲೆ ಬಂದು ಕುಳಿತುದು ಆ ಶತಮಾನದ ಚರಿತ್ರೆಯನ್ನು ತಾನಾಗಿಯೇ ಹೇಳುವಂತಿದೆ.

ಇಂಥ ಪೆಟ್ಟಿಗೆಗಳ ಕಾಲನಿರ್ಣಯದಲ್ಲಿ ಕೆತ್ತನೆಯ ಶೈಲಿಯನ್ನೇ ನೆಚ್ಚುವುದು ಅಪಾಯಕರ. ತಂದೆಯಿಂದ ಮಗನಿಗೆ ಬಂದ ವಿನ್ಯಾಸಗಳು ತಲೆಮಾರುಗಳ ಕಾಲ ಬದಲಾಗದೆ ನಡೆಯುತ್ತವೆ. ಬೀಗವೂ ಮೊಳೆಯೂ ವಿಲಾಯಿತಿಯಿಂದ ಬಂದುವಾಗಿದ್ದರೆ ಅವೇ ಕೆತ್ತನೆಗಿಂತ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಅವು ಇಲ್ಲಿಗೆ ಬಂದು ಅಂಗಡಿಯಲ್ಲಿ ಕಾಲಕಳೆದಿರಬಹುದಾದುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಳಗಿನ ಖಾನೆಗಳ ಅಳತೆ ಇಲ್ಲಿಯೂ ಸಹಾಯಕ್ಕೆ ಬರುತ್ತದೆ. ಇಂಗ್ಲೆಂಡಿನ ಪೆಟ್ಟಿಗೆಯೂ ನಮಗೆ ಸಂಪೂರ್ಣ ಪರಕೀಯವಲ್ಲ. ಅದರ ಬೀಟೆ ಮಲಬಾರಿನ ಕಡೆಯಿಂದಲೂ, ಮೈಗೆ ಹೊಳಪು ಕೊಟ್ಟ ಅರಗು ಭಾರತದ ಕಾಡುಗಳಿಂದಲೂ ಹೋದುದಿರಬಹುದು.

ಕಾಯಿದೆಯ ಮಾತನ್ನೂ ಇಲ್ಲಿ ಹೇಳಬೇಕು. ನೂರು ವರ್ಷಕ್ಕೆ ಕಡಮೆಯಿಲ್ಲದ ಕಲಾವಸ್ತು ೧೯೭೨ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ; ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಭಾರತದ ಆನೆದಂತದ ವ್ಯಾಪಾರವನ್ನು ೧೯೮೬ರಲ್ಲಿ ನಿಷೇಧಿಸಲಾಯಿತು. ಆದುದರಿಂದ ಕಳೆದುಹೋದ ದಂತದ ಚೂರಿಗೆ ಹೊಸ ದಂತವನ್ನು ತರುವ ಪ್ರಶ್ನೆಯೇ ಇಲ್ಲ. ಕಾಲನಿರ್ಣಯ ವಿದ್ವಾಂಸರ ವಿನೋದ ಮಾತ್ರವಲ್ಲ, ಕೆಲವೊಮ್ಮೆ ಕಾಯಿದೆಯ ಅಗತ್ಯವೂ ಆಗಿದೆಯೆಂಬುದು ಇದರಿಂದ ತಿಳಿಯುತ್ತದೆ.

೬

ಪೆಟ್ಟಿಗೆಯೊಳಗೆ ಅಂಟಿಸಿದ ಕಾಗದದ ಬೆಲೆಯನ್ನು ಅರಿಯಲು ಪ್ರಸಿದ್ಧವಾದ ಒಂದು ಉದಾಹರಣೆ ಸಾಕು. ಥಾಮಸ್ ಜೆಫರ್‌ಸನ್ ೧೭೭೬ರಲ್ಲಿ ಅಮೆರಿಕದ ಸ್ವಾತಂತ್ರ್ಯಘೋಷಣೆಯ ಕರಡನ್ನು ಬರೆದುದು ಚಿಕ್ಕ ಮಹಾಗನಿ ಲೇಖನಪೆಟ್ಟಿಗೆಯೊಂದರ ಮೇಲೆ. ೧೮೨೫ರಲ್ಲಿ ಅವನ ಮೊಮ್ಮಗಳ ವಿವಾಹವಾಯಿತು. ಅವಳಿಗೆಂದು ಜಾನ್ ಹೆಮಿಂಗ್ಸ್ ಎಂಬ, ಜೆಫರ್‌ಸನ್ನನ ಗುಲಾಮನಾಗಿದ್ದ ನಿಪುಣ ಬಡಗಿ ಮಾಡಿಕೊಟ್ಟ ಬರೆಯುವ ಮೇಜು ಹಡಗಿನಲ್ಲಿ ಹೋಗುವಾಗ ಸಮುದ್ರದ ಪಾಲಾಯಿತು. ಅದಕ್ಕೆ ಬದಲಾಗಿ ಜೆಫರ್‌ಸನ್ ತನ್ನ ಹಳೆಯ ಪೆಟ್ಟಿಗೆಯನ್ನೇ ಅವಳ ಪತಿ ಜೋಸೆಫ್ ಕೂಲಿಜ್‌ಗೆ ಕಳುಹಿಸಿದನು. ಘೋಷಣೆಯನ್ನು ಬರೆದುದು ಇದರ ಮೇಲೆಯೇ ಎಂಬ ಕೈಬರಹದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದನು. ೧೮೮೦ರಲ್ಲಿ ಕೂಲಿಜ್ ಮನೆತನದವರು ಅದನ್ನು ರಾಷ್ಟ್ರಕ್ಕೆ ಒಪ್ಪಿಸಿದರು. ಈಗ ಅದು ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

ಆ ಚೀಟಿಯಿಲ್ಲದಿದ್ದರೆ ಆ ಪೆಟ್ಟಿಗೆಗೂ ಆ ಕಾಲದ ಬೇರೆ ಮಹಾಗನಿ ಪೆಟ್ಟಿಗೆಗಳಿಗೂ ಭೇದವನ್ನು ತೋರಿಸುವುದು ಕಷ್ಟವಾಗುತ್ತಿದ್ದಿತು. ಆದರೆ ಚೀಟಿಯನ್ನು ಕೂಡ ವಿಮರ್ಶಿಸಿಯೇ ಸ್ವೀಕರಿಸಬೇಕು. ನಲವತ್ತೊಂಬತ್ತು ವರ್ಷಗಳ ಅನಂತರ ನೆನಪಿನಿಂದ ಬರೆದ ಜೆಫರ್‌ಸನ್ ಬಡಗಿಯ ಹೆಸರನ್ನು ರ‍್ಯಾಂಡಲ್ ಎಂದು ಬರೆದಿದ್ದಾನೆ. ಫಿಲಡೆಲ್ಫಿಯದಲ್ಲಿ ಅವನಿಗೆ ಮೊದಲು ಬಿಡಾರ ಕೊಟ್ಟಿದ್ದ ಬಡಗಿಯೆಂದು ಅಲ್ಲಿಯೇ ಹೇಳಿರುವುದರಿಂದ, ಅವನು ಬೆಂಜಮಿನ್ ರ‍್ಯಾಂಡಾಲ್ಫ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಂದು ಚೀಟಿಯಲ್ಲಿ ತಪ್ಪೂ ಇದೆ, ಆ ತಪ್ಪನ್ನು ತಿದ್ದುವ ಸಾಧನವೂ ಇದೆ. ಹರಿದ ಒಳಪದರವನ್ನು ಕಿತ್ತು ಹೊಸದನ್ನು ಹಾಕುವವರು ಇದನ್ನು ನೆನಪಿನಲ್ಲಿಡಬೇಕು.

೭

ಇನ್ನು ಜೀರ್ಣೋದ್ಧಾರ. ಇಂಗ್ಲೆಂಡಿನಲ್ಲಿ ಹಳೆಯ ಇಗರ್ಜಿಗಳನ್ನು ಕೆರೆದು ಹೊಸತಾಗಿಸುತ್ತಿದ್ದುದನ್ನು ವಿರೋಧಿಸಿ ವಿಲಿಯಂ ಮಾರಿಸ್ ೧೮೭೭ರಲ್ಲಿ ಒಂದು ಸಂಘವನ್ನೇ ಕಟ್ಟಿದನು. ೧೯೬೪ರ ವೆನಿಸ್ ಸನ್ನದು, ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ಸ್ಮಾರಕಗಳನ್ನು ಕುರಿತ ಈ ತತ್ತ್ವ ಅಂಗೈಯಗಲದ ಪೆಟ್ಟಿಗೆಗೂ ಅನ್ವಯಿಸುತ್ತದೆ.

ಕೆಲಸದ ಕ್ರಮ ಹೀಗಿರಬೇಕು. ಮೊದಲು ಅಳತೆ, ಛಾಯಾಚಿತ್ರ, ಟಿಪ್ಪಣಿ. ಅನಂತರ ಮೆತುವಾದ ಕುಂಚದಿಂದ ಧೂಳನ್ನು ತೆಗೆಯುವುದು. ತೇವಮಾಡಿ ಹಿಂಡಿದ ಹತ್ತಿಯಿಂದ ಕೊಳೆಯನ್ನು ತೆಗೆಯುವುದಾದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಬೇಕು. ಮದ್ಯಸಾರವನ್ನು ಮಾತ್ರ ಮುಟ್ಟಬಾರದು. ಹತ್ತೊಂಬತ್ತನೆಯ ಶತಮಾನದ ಹೊಳಪು ಬಹುಮಟ್ಟಿಗೆ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ತಿಕ್ಕಿದ ಫ್ರೆಂಚ್ ಪಾಲಿಷ್. ಅದೇ ದ್ರವ ತಾಗಿದರೆ ಮತ್ತೆ ಕರಗುತ್ತದೆ. ಅತಿನೇರಿಳೆ ಬೆಳಕಿನಲ್ಲಿ ಅರಗು ಕಿತ್ತಳೆಬಣ್ಣದಿಂದ ಬೆಳಗುವುದರಿಂದ ಮೂಲದ ಹೊಳಪನ್ನೂ, ಇಪ್ಪತ್ತನೆಯ ಶತಮಾನದಲ್ಲಿ ಬಳಿದ ಕೃತಕ ವಾರ್ನಿಷನ್ನೂ ಬೇರ್ಪಡಿಸಿ ಕಾಣಬಹುದು. ಕೆತ್ತನೆಯ ಶ್ರೀಗಂಧಕ್ಕಾದರೋ ಯಾವ ಹೊಳಪನ್ನೂ ಬಳಿಯಬಾರದು. ಕೆತ್ತನೆಯ ಸಂದುಗಳು ತುಂಬಿಹೋಗಿ, ಮರದ ಪರಿಮಳವೂ ಅಡಗುತ್ತದೆ.

ಎದ್ದ ಪದರವನ್ನು ಕೂರಿಸಲು ಚರ್ಮ ಎಲುಬುಗಳನ್ನು ಬೇಯಿಸಿ ತೆಗೆದ ಹಳೆಯ ಬಗೆಯ ಅಂಟೇ ಶ್ರೇಷ್ಠ. ಶಾಖ ಮತ್ತು ತೇವ ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಮುಂದಿನವರು ನಮ್ಮ ತಪ್ಪನ್ನು ತಿದ್ದಲು ಅವಕಾಶವಿರುತ್ತದೆ. ಇಂದಿನ ಬಿಗಿಯಾದ ಅಂಟುಗಳಿಗೆ ಆ ವಿನಯವಿಲ್ಲ. ಕಳೆದುಹೋದ ಪದರದ ಜಾಗಕ್ಕೆ ಅದೇ ಜಾತಿಯ ಮರವನ್ನು ಎಳೆಯ ದಿಕ್ಕು ನೋಡಿ ಸೇರಿಸಬೇಕು. ಆದರೆ ಸೇರಿಸಿದ್ದು ಎಲ್ಲಿ, ಯಾವಾಗ ಎಂಬುದನ್ನು ಬರೆದು ಒಳಗಿಡಬೇಕು. ತೆಗೆಯಲೇಬೇಕಾದ ಮೊಳೆ, ಬಟ್ಟೆ, ಕಾಗದದ ಚೂರುಗಳನ್ನು ಲಕೋಟೆಯಲ್ಲಿ ಹಾಕಿ ಅದೇ ಪೆಟ್ಟಿಗೆಯಲ್ಲಿಡುವುದು ಲೇಸು. ಅದು ಹುಟ್ಟಿದುದೇ ಅದಕ್ಕಾಗಿಯಲ್ಲವೆ? ಬೀಗದ ಕೈ ಕಳೆದಿದ್ದರೆ ಸನ್ನೆಹಾಕಿ ಮೀಟಬಾರದು. ಮಸಿಯ ಕಲೆಗಳನ್ನು ಆಮ್ಲ ಹಾಕಿ ತೆಗೆಯುವ ಮುನ್ನ ಎರಡು ಸಲ ಯೋಚಿಸಬೇಕು. ಬರೆದವನು ಕುಳಿತ ಬಗೆಯನ್ನೂ ಮಸಿಕುಡಿಕೆ ಇದ್ದ ಕಡೆಯನ್ನೂ ಹೇಳುವುದು ಆ ಕಲೆಗಳೇ.

ಹಾಗಾದರೆ ಏನನ್ನೂ ಮುಟ್ಟದಿರುವುದೇ ಲೇಸೇ ಎಂದರೆ ಅದೂ ಸಲ್ಲದು. ಮಳೆಗಾಲದ ತೇವಕ್ಕೆ ಹಿಗ್ಗಿ ಬೇಸಗೆಗೆ ಕುಗ್ಗುವ ಮರದಿಂದ ಪದರ ಕಳಚುತ್ತದೆ. ಹುಳುಗಳು ಹೊಸ ಪುಡಿಯನ್ನು ಉದುರಿಸುತ್ತವೆ. ನಾಶವನ್ನು ತಡೆಯುವ ಕೆಲಸವೆಲ್ಲ ಕರ್ತವ್ಯ. ಹೊಸತೆಂಬ ಭ್ರಾಂತಿಯನ್ನು ಹುಟ್ಟಿಸುವ ಕೆಲಸವೆಲ್ಲ ಅಕಾರ್ಯ. ಎರಡರ ನಡುವಣ ಗೆರೆಯನ್ನು ಎಳೆಯಬೇಕಾದರೆ ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬುದು ಮೊದಲು ತಿಳಿದಿರಬೇಕು. ಕಾಲನಿರ್ಣಯ ಮುಗಿದ ಮೇಲೆಯೇ ಜೀರ್ಣೋದ್ಧಾರ ಆರಂಭವಾಗಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ, ಅಟ್ಟದ ಮೇಲೆ, ವಕೀಲರೋ ಅಮಲ್ದಾರರೋ ಆಗಿದ್ದ ಹಿರಿಯರ ಇಂಥ ಪೆಟ್ಟಿಗೆಗಳು ಇರುವುದು ಅಸಂಭವವಲ್ಲ. ಅವನ್ನು ಕೆಳಗಿಳಿಸಿದಾಗ ಮೊದಲು ಕೈಗೆ ತೆಗೆದುಕೊಳ್ಳಬೇಕಾದುದು ಮರಳುಕಾಗದವಲ್ಲ, ಟಿಪ್ಪಣಿಯ ಪುಸ್ತಕ.